ಹನ್ನೊಂದನೇ ನಂಬರಿನ ನಾಟಕ

ತಿಪಟೂರಿನ ನಮ್ಮ ಹವ್ಯಾಸಿ ನಾಟಕ ತಂಡ ಹೊಸ ನಾಟಕಗಳಿಗಾಗಿ ಸ್ಪರ್ಧೆ ನಡೆಸಿದ ವರ್ಷ ಮೂವರು ತೀರ್ಪುಗಾರರಲ್ಲಿ ನಾನೂ ಒಬ್ಬಳಾಗಿದ್ದೆ. ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದವಳು ಆಗಷ್ಟೇ ನಿವೃತ್ತಳಾಗಿದ್ದೆ. ಎರಡನೆಯವರು ತುಮಕೂರಿನಲ್ಲಿ ಕಾಲೇಜು ಅಧ್ಯಾಪಕರು. ಮೂರನೆಯವರು ತಂಡದ ನಿರ್ದೇಶಕರೇ. ನಾನು ಇಲ್ಲಿ ಬರೆಯಲು ಹೊರಟಿರುವುದು ಆ ನಿರ್ದೇಶಕರ ಹೆಂಡತಿಯ ವಿಷಯ.

ನಿರ್ದೇಶಕರು ಡ್ರಾಯಿಂಗ್ ಮೇಷ್ಟರಾಗಿದ್ದವರು. ಊರಾಚೆ ಅವರ ತೆಂಗಿನ ತೋಟ, ಊರೊಳಗೆ ತಂದೆಯ ಕಾಲದ ದೊಡ್ಡ ಮನೆ. ತಂಡ ಕಟ್ಟಿದ ದಿನದಿಂದ ತಾಲೀಮು ನಡೆದದ್ದೆಲ್ಲ ಆ ಮನೆಯ ಹಜಾರದಲ್ಲಿ. ಮೇಲೆ ಅಟ್ಟದ ತುಂಬ ಕೊಬ್ಬರಿಗೆಂದು ಕಾಯಿ ಹಾಕಿರುತ್ತಿದ್ದರು. ಕೆಳಗೆ ನಾವು ಹತ್ತು ಹನ್ನೆರಡು ಜನ ಕೂತು ಮಾತು ಒಪ್ಪಿಸುತ್ತಿದ್ದೆವು. ತಂಡದಲ್ಲಿ ಬಹಳ ವರ್ಷ ಹೆಂಗಸೆಂದರೆ ನಾನೊಬ್ಬಳೇ. ಗಂಡಸರ ಜೊತೆ ಹಜಾರದಲ್ಲಿ ಸಮನಾಗಿ ಕೂರುತ್ತೇನೆ ಎನ್ನುವ ಹೆಮ್ಮೆ ನನಗಿತ್ತು. ನಿರ್ದೇಶಕರ ಹೆಂಡತಿ ಕಾಫಿ ತಂದಾಗ ಎಲ್ಲರಂತೆ ನಾನೂ ಕೂತಲ್ಲಿಂದಲೇ ಕೈ ಚಾಚಿ ಲೋಟ ತೆಗೆದುಕೊಳ್ಳುತ್ತಿದ್ದೆ. ಅದರಲ್ಲಿ ಹೆಮ್ಮೆಪಡುವುದೇನೂ ಇರಲಿಲ್ಲ ಎಂದು ಈಗ ಅನ್ನಿಸುತ್ತದೆ. ಆಗ ಅನ್ನಿಸಲಿಲ್ಲ.

ಆಕೆ ತುರುವೇಕೆರೆ ಕಡೆಯ ಹಳ್ಳಿಯವರು. ಪಿಯುಸಿವರೆಗೆ ಓದಿದ್ದರು. ನನಗಿಂತ ಏಳೆಂಟು ವರ್ಷಕ್ಕೆ ಚಿಕ್ಕವರಾದ್ದರಿಂದ ಅಕ್ಕ ಎಂದು ಕರೆಯುತ್ತಿದ್ದರು. ಹಜಾರಕ್ಕೆ ಬಂದರೆ ಒಂದು ಮಾತೂ ಆಡುತ್ತಿರಲಿಲ್ಲ. ನಾಟಕವೆಂದರೆ ಆಕೆಗೆ ಬೇಸರವೇನೋ, ನಮ್ಮ ಗಲಾಟೆ ಸಹಿಸಿಕೊಂಡಿದ್ದಾರೆ ಎಂದೇ ನಾನು ತಿಳಿದಿದ್ದೆ.

ಸ್ಪರ್ಧೆಗೆ ಐದಾರು ವರ್ಷ ಮೊದಲಿನ ಮಾತು. ಒಂದು ಭಾನುವಾರ ತಾಲೀಮಿನ ನಡುವೆ ನನ್ನ ಸೆರಗು ಬಾಗಿಲ ಚಿಲಕಕ್ಕೆ ಸಿಕ್ಕಿ ಹರಿಯಿತು. ಪಿನ್ನು ಕೇಳೋಣವೆಂದು ಒಳಗೆ ಹೋದೆ. ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ನಿರ್ದೇಶಕರ ತಾಯಿ ಮಲಗಿದ್ದರು. ಲಕ್ವ ಹೊಡೆದು ಮಾತು ನಿಂತುಹೋಗಿ ಎರಡು ವರ್ಷವಾಗಿತ್ತು. ಆದರೆ ಬಾಗಿಲ ಬಳಿ ಬಂದಾಗ ಒಳಗಿಂದ ಇಬ್ಬರು ಮಾತಾಡುವುದು ಕೇಳಿಸಿತು.

"ಸಾಕು ಬುಡೇ, ಹೊಟ್ಟೆ ತುಂಬ್ತು," ಎಂದಿತು ಮುದುಕಿಯ ದನಿ.

"ಇನ್ನೊಂದು ಗುಟುಕು ಕುಡೀರಿ ಅತ್ತೆ," ಎಂದಿತು ಸೊಸೆಯ ದನಿ.

"ನಿಂದು ಊಟ ಆಯ್ತಾ?"

"ಇನ್ನೂ ಇಲ್ಲ ಕಣತ್ತೆ. ನೀವಾದ್ರೂ ಕೇಳಿದ್ರಲ್ಲ."

ಅಜ್ಜಿಗೆ ಮಾತು ಬಂತೆಂದು ಖುಷಿಯಾಗಿ ಇಣುಕಿದೆ. ಅಜ್ಜಿಯ ತುಟಿ ಅಲುಗುತ್ತಿರಲಿಲ್ಲ. ಗಂಜಿಯ ಬಟ್ಟಲು ಹಿಡಿದು ಮಂಚದ ಅಂಚಿಗೆ ಕೂತಿದ್ದ ಸೊಸೆಯೇ ಎರಡೂ ದನಿಯಲ್ಲಿ ಮಾತಾಡುತ್ತಿದ್ದರು. ನನ್ನನ್ನು ಕಂಡು ಆಕೆ ಗಾಬರಿಯಾಗಲಿಲ್ಲ. ತಮ್ಮ ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದುಕೊಟ್ಟರು.

"ಇಡೀ ದಿನ ಇಬ್ರೂ ಮಾತಿಲ್ದೆ ಹೆಂಗಿರದು ಅಕ್ಕ? ಅದ್ಕೆ ಅವರ ಪಾಲಿನ ಮಾತ್ನೂ ನಾನೇ ಆಡ್ಬುಡ್ತೀನಿ," ಎಂದರು.

ನಾನು ನಕ್ಕು, ಸೆರಗಿಗೆ ಪಿನ್ನು ಹಾಕಿಕೊಂಡು ಹಜಾರಕ್ಕೆ ವಾಪಸಾದೆ. ನಮ್ಮ ತಂಡದಲ್ಲಿ ಯಾರೂ ಅಷ್ಟು ಸಹಜವಾಗಿ ದನಿ ಬದಲಿಸಿದ್ದನ್ನು ನಾನು ಕೇಳಿರಲಿಲ್ಲ. ಅದನ್ನು ಯಾರಿಗೂ ಹೇಳಲಿಲ್ಲ. ಮುಂದೆ ಒಂದೆರಡು ವರ್ಷಕ್ಕೆ ಅಜ್ಜಿ ತೀರಿಕೊಂಡರು.

ಸ್ಪರ್ಧೆಯ ವಿಚಾರ ಹುಟ್ಟಿದ್ದು ನಿರ್ದೇಶಕರ ತಲೆಯಲ್ಲೇ. ಎಲ್ಲರೂ ಅದೇ ಹಳೇ ನಾಟಕ ಆಡುತ್ತಾರೆ, ನಮ್ಮ ಸೀಮೆಯಲ್ಲಿ ಬರೆಯುವವರೇ ಇಲ್ಲವಾ ನೋಡೇಬಿಡೋಣ ಎಂದರು. ಮೊದಲನೆಯ ಬಹುಮಾನ, ಎರಡನೆಯ ಬಹುಮಾನ, ಮತ್ತೆ ಮೊದಲ ಸಲ ಬರೆದವರಿಗಾಗಿ 'ಭರವಸೆಯ ನಾಟಕ' ಎಂದೊಂದು. ಭರವಸೆಯ ನಾಟಕವನ್ನು ತಂಡವೇ ಬಹುಮಾನದ ದಿನ ವೇದಿಕೆಯ ಮೇಲೆ ಓದಿ ತೋರಿಸುವುದೆಂದು ನಿಶ್ಚಯವಾಯಿತು. ನಾಟಕದ ಮೇಲೆ ಬರೆದವರ ಹೆಸರಿರಬಾರದು, ಹೆಸರು ವಿಳಾಸವನ್ನು ಬೇರೆ ಲಕೋಟೆಯಲ್ಲಿ ಅಂಟಿಸಿ ಕಳಿಸಬೇಕು, ಬಂದದ್ದಕ್ಕೆಲ್ಲ ನಂಬರು ಹಾಕಿ ತೀರ್ಪುಗಾರರಿಗೆ ಕೊಡಬೇಕು. ಕರಪತ್ರ ಬರೆದವರು ನಿರ್ದೇಶಕರು, ಅದರ ಕಾಗುಣಿತ ತಿದ್ದಿದವಳು ನಾನು. ಕರಪತ್ರಗಳನ್ನು ಮಡಿಸಿ, ಅಂಟು ಹಚ್ಚಿ, ಸ್ಟಾಂಪು ಹಾಕಿದ್ದು ಅವರ ಹೆಂಡತಿ. ನಿಯಮಗಳನ್ನು ನಮ್ಮೆಲ್ಲರಿಗಿಂತ ಹೆಚ್ಚು ಸಲ ಓದಿದವರು ಆಕೆಯೇ ಇರಬೇಕು.

ಇಪ್ಪತ್ತಮೂರು ನಾಟಕ ಬಂದವು. ನನ್ನ ಪಾಲಿನ ಕಟ್ಟನ್ನು ಮನೆಗೆ ತಂದು ದಿನಾ ಮಧ್ಯಾಹ್ನ ಜಗಲಿಯಲ್ಲಿ ಕೂತು ಓದುತ್ತಿದ್ದೆ. ರಾಜನ ಕಥೆ ನಾಲ್ಕು, ಕುಡುಕ ಗಂಡ ಕೊನೆಯಲ್ಲಿ ಒಳ್ಳೆಯವನಾಗುವುದು ಐದು, ಮೂರು ಗಂಟೆ ಬರೀ ಭಾಷಣ ಮಾಡುವಂಥವು ಲೆಕ್ಕವಿಲ್ಲ. ಒಂದನ್ನು ಮುಗಿಸಿ ಇನ್ನೊಂದಕ್ಕೆ ಕೈ ಹಾಕಲು ಮನಸ್ಸಾಗುತ್ತಿರಲಿಲ್ಲ. ಹನ್ನೊಂದನೇ ನಂಬರಿನದು ಚಿಕ್ಕದಿತ್ತು. ತುರುವೇಕೆರೆಯಲ್ಲಿ ಡಿಟಿಪಿ ಮಾಡಿಸಿದ್ದರೆಂದು ಹಾಳೆಯ ಕೆಳಗಿನ ಅಂಗಡಿ ಹೆಸರಿನಿಂದ ಗೊತ್ತಾಯಿತು. ಪುಟಕ್ಕೆ ನಾಲ್ಕೈದು ತಪ್ಪು. ಕೆಂಪು ಪೆನ್ನು ಹಿಡಿದೇ ಓದಲು ತೊಡಗಿದೆ.

ಒಬ್ಬ ಕೊಬ್ಬರಿ ವ್ಯಾಪಾರಿಯ ಮನೆ. ಮುಂದಿನ ಹಜಾರದಲ್ಲಿ ವ್ಯಾಪಾರದ ಗಂಡಸರು, ಅವರ ಮಾತು ಕೇಳುತ್ತದೆ ಅಷ್ಟೇ, ಅವರು ಕಾಣುವುದಿಲ್ಲ. ನಾವು ನೋಡುವುದು ಒಳಗಿನ ಕೋಣೆಯನ್ನು. ಅಲ್ಲಿ ಮಾತು ನಿಂತ ಅತ್ತೆ ಮಲಗಿದ್ದಾಳೆ. ಸೊಸೆ ತನ್ನ ಮಾತನ್ನೂ ಆಡುತ್ತಾಳೆ, ಅತ್ತೆಯ ಮಾತನ್ನೂ ಆಡುತ್ತಾಳೆ. ಮೂರನೇ ಪುಟದಲ್ಲಿ "ನಿಂದು ಊಟ ಆಯ್ತಾ?" ಎಂಬ ಮಾತು ಬಂತು. ನಾನು ಪೆನ್ನು ಕೆಳಗಿಟ್ಟೆ.

ಮುಂದೆ ಸೊಸೆ ಅತ್ತೆಯ ದನಿಯಲ್ಲಿ ಹಳೆಯದನ್ನೆಲ್ಲ ನೆನೆಸಿಕೊಳ್ಳುತ್ತಾಳೆ. ಬಸುರಿಯಿದ್ದಾಗ ಹೊರಿಸಿದ ನೀರು, ತವರಿಗೆ ಕಳಿಸದೆ ಇಟ್ಟುಕೊಂಡ ಹಬ್ಬ. ಅತ್ತೆಯ ದನಿಯಲ್ಲೇ ಕ್ಷಮೆ ಕೇಳಿಸುತ್ತಾಳೆ. ಆಮೇಲೆ ತನ್ನ ದನಿಯಲ್ಲಿ, "ಇಲ್ಲ ಅತ್ತೆ, ಅದನ್ನ ಮಾತ್ರ ಕೇಳ್ಬೇಡಿ," ಎನ್ನುತ್ತಾಳೆ. ಒಂದು ಹೊತ್ತಿನಲ್ಲಿ ಅತ್ತೆಯ ಉಸಿರು ನಿಲ್ಲುತ್ತದೆ. ಅದೇ ಹೊತ್ತಿಗೆ ಹಜಾರದಿಂದ ಏಳು ಕಾಫಿ ಬರಲಿ ಎಂದು ಕೂಗುತ್ತಾರೆ. ಸೊಸೆ ಕಾಫಿ ಕೊಟ್ಟು ಬರುತ್ತಾಳೆ. ಮಗ ಕೋಣೆಯ ಬಾಗಿಲಿಗೆ ಬಂದು, ಹೊಸ್ತಿಲಾಚೆಯೇ ನಿಂತು, "ಹೆಂಗವ್ಳೆ ಅವ್ವ?" ಎನ್ನುತ್ತಾನೆ. ಸೊಸೆ ಅತ್ತೆಯ ದನಿಯಲ್ಲಿ, "ಚೆನ್ನಾಗಿವ್ನಿ ಕಣಪ್ಪ, ನೀ ಹೋಗು," ಎನ್ನುತ್ತಾಳೆ. ಅವನು ಹೋಗುತ್ತಾನೆ. ನಾಟಕ ಮುಗಿಯುತ್ತದೆ.

ಎರಡು ಸಲ ಓದಿದೆ. ಉದ್ದಕ್ಕೆ ಬೆಳೆದ ಒಂದೆರಡು ಜಾಗ ಇದ್ದವು, ಕತ್ತರಿಸಬಹುದಿತ್ತು. ಆದರೆ ಇಪ್ಪತ್ತಮೂರರಲ್ಲಿ ಜೀವ ಇದ್ದದ್ದು ಅದೊಂದಕ್ಕೇ. ಬರೆದವರು ಯಾರೆಂದು ಗೊತ್ತಾದ ಮೇಲೆ ನಾನು ತೀರ್ಪು ಕೊಡುವುದು ಸರಿಯಾ ಎಂದು ಒಂದು ದಿನ ಯೋಚಿಸಿದೆ. ಗೊತ್ತಿಲ್ಲದಿದ್ದರೂ ಇದಕ್ಕೇ ಹೆಚ್ಚು ಅಂಕ ಕೊಡುತ್ತಿದ್ದೆ ಎಂದು ಖಾತ್ರಿಯಾಗಿತ್ತು. ಹಾಗಾಗಿ ಸುಮ್ಮನಿದ್ದೆ. ನಿರ್ದೇಶಕರಂತೂ ಓದಿದ ಕೂಡಲೇ ಗುರುತು ಹಿಡಿದಿರುತ್ತಾರೆ, ಸಭೆಯಲ್ಲಿ ಅವರೇ ಬಾಯಿ ಬಿಡುತ್ತಾರೆ ಎಂದುಕೊಂಡೆ.

ತೀರ್ಪಿನ ಸಭೆ ನಡೆದದ್ದೂ ಅದೇ ಹಜಾರದಲ್ಲಿ. ಮೊದಲ ಎರಡು ಬಹುಮಾನ ಬೇಗ ತೀರ್ಮಾನವಾದವು. ಮೊದಲನೆಯದು ಯಾರದೆಂದು ಶೈಲಿಯಿಂದಲೇ ಮೂವರಿಗೂ ಗೊತ್ತಿತ್ತು. ಪತ್ರಿಕೆಗಳಲ್ಲಿ ಹೆಸರು ಬರುವ ಮನುಷ್ಯ. ಅಂಥವರು ನಮ್ಮ ಸ್ಪರ್ಧೆಗೆ ಬರೆದದ್ದೇ ದೊಡ್ಡದು ಎಂದರು ಅಧ್ಯಾಪಕರು. ಭರವಸೆಯ ನಾಟಕದ ಮಾತು ಬಂದಾಗ ನಾನು ಹನ್ನೊಂದನೇ ನಂಬರು ಎಂದೆ.

ನಿರ್ದೇಶಕರು ಮುಖ ಸಿಂಡರಿಸಿದರು. "ಅದರಲ್ಲಿ ಏನಿದೆ ಮೇಡಂ? ಒಬ್ಬಳೇ ಎರಡು ಪಾತ್ರದ ಮಾತಾಡ್ತಾಳೆ. ಇದನ್ನ ಬರೆದೋನು ಯಾವನೋ ಕಾಲೇಜು ಹುಡುಗ ಕಣ್ರೀ. ಕಾಯಿಲೆಯೋರನ್ನ ಹತ್ತಿರದಿಂದ ನೋಡೇ ಇಲ್ಲ."

"ನೋಡಿರೋರೇ ಬರೆದಿರೋದು ಅನ್ಸುತ್ತೆ ನಂಗೆ," ಎಂದೆ. ಅವರ ಮುಖವನ್ನೇ ನೋಡುತ್ತಿದ್ದೆ. ಅಲ್ಲಿ ಏನೂ ಇರಲಿಲ್ಲ.

"ಈ ಕೊನೇ ಭಾಗ ಕೇಳಿ," ಎಂದು ಅವರು ಹಾಳೆ ಎತ್ತಿಕೊಂಡರು. ಆ ಹೊತ್ತಿಗೆ ಅವರ ಹೆಂಡತಿ ತಟ್ಟೆಯಲ್ಲಿ ಕಾಫಿ ತಂದರು. ಇವರು ಓದುವುದನ್ನು ನಿಲ್ಲಿಸಲಿಲ್ಲ. "ಹೆಂಗವ್ಳೆ ಅವ್ವ?" ಎಂದು ಓದಿದರು. ಹೊರಡುವ ಅವಸರದಲ್ಲಿರುವವನ ದನಿ, ಅರ್ಧ ತಿರುಗಿ ನಿಂತವನ ದನಿ. ಅವರು ನಟನೆ ಮಾಡುತ್ತಿರಲಿಲ್ಲ, ತಮ್ಮ ಮಾಮೂಲಿ ದನಿಯಲ್ಲೇ ಓದಿದ್ದರು. ಆ ಮಾತನ್ನು ಅದೇ ದನಿಯಲ್ಲಿ ಅದೇ ಮನೆಯಲ್ಲಿ ನಾನೇ ಎಷ್ಟೋ ಸಲ ಕೇಳಿದ್ದೆ. ಆಮೇಲೆ ಹಾಳೆ ಕೆಳಗಿಟ್ಟು ನಕ್ಕರು.

"ಹೆಂಡತಿ ದನಿಗೂ ಹೆತ್ತವ್ವನ ದನಿಗೂ ವ್ಯತ್ಯಾಸ ಗೊತ್ತಾಗ್ದಿರೋ ಮಗ ಇರ್ತಾನೇನ್ರೀ? ಯಾರಾದ್ರೂ ನಂಬ್ತಾರಾ?"

ಅಧ್ಯಾಪಕರೂ ನಕ್ಕರು. ಆಕೆ ಒಂದೊಂದೇ ಲೋಟ ಇಳಿಸಿ ಇಡುತ್ತಿದ್ದರು. ನಾನು ಆಕೆಯನ್ನು ನೋಡಿದೆ. ಆಕೆ ಲೋಟಗಳನ್ನು ನೋಡುತ್ತಿದ್ದರು. ಕೊನೆಯ ಲೋಟ ನನ್ನ ಮುಂದಿಡುವಾಗ ಒಂದು ಕ್ಷಣ ಕಣ್ಣೆತ್ತಿದರು. ಆಮೇಲೆ ಖಾಲಿ ತಟ್ಟೆ ಎದೆಗವಚಿಕೊಂಡು ಒಳಗೆ ಹೋದರು.

ಅವತ್ತು ನಾನು ಹಟ ಹಿಡಿದೆ. ಅದೊಂದನ್ನು ನನ್ನ ಪರವಾಗಿ ಹೇಳಿಕೊಳ್ಳಬಹುದು. ಭರವಸೆ ಎನ್ನುವುದಕ್ಕೆ ಅರ್ಥ ಇದ್ದರೆ ಈ ನಾಟಕಕ್ಕೇ ಕೊಡಬೇಕು, ಇಲ್ಲದಿದ್ದರೆ ನಾನು ಪಟ್ಟಿಗೆ ಸಹಿ ಮಾಡುವುದಿಲ್ಲ ಎಂದೆ. ಅರ್ಧ ಗಂಟೆ ವಾದ ನಡೆಯಿತು. ತುಮಕೂರಿಗೆ ಹೋಗುವ ರೈಲಿನ ಹೊತ್ತಾಗುತ್ತಿತ್ತೆಂದು ಅಧ್ಯಾಪಕರು ನನ್ನ ಕಡೆ ಬಂದರು. "ಆಗಲಿ ಬಿಡಿ ಮೇಡಂ, ಹುಡುಗನಿಗೆ ಉತ್ತೇಜನ ಸಿಕ್ಕಂಗಾಗುತ್ತೆ," ಎಂದು ನಿರ್ದೇಶಕರೂ ಒಪ್ಪಿದರು. ಲಕೋಟೆಗಳನ್ನು ತೆರೆದೆವು.

ಹನ್ನೊಂದನೆಯದನ್ನು ಅವರೇ ಹರಿದರು. ಒಳಗಿದ್ದ ಚೀಟಿ ಓದಿ ಅದನ್ನು ಮಡಿಸಿದರು, ಮತ್ತೆ ಬಿಚ್ಚಿ ಓದಿದರು. ಅದನ್ನು ಅಧ್ಯಾಪಕರ ಕೈಗೆ ಕೊಟ್ಟರು. ಅಧ್ಯಾಪಕರಿಗೆ ಆ ಹೆಸರು ಯಾರದೆಂದು ಗೊತ್ತಿರಲಿಲ್ಲ. ತವರಿನ ವಿಳಾಸ ಬೇರೆ ಹಾಕಿತ್ತು. "ಹೆಣ್ಣುಮಗಳು. ತುರುವೇಕೆರೆ ತಾಲೂಕು. ಒಳ್ಳೇದಾಯ್ತಲ್ಲ," ಎಂದರು.

"ನಮ್ಮನೆಯೋಳು ಕಣ್ರೀ," ಎಂದರು ನಿರ್ದೇಶಕರು.

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ಕೇಳುತ್ತಿತ್ತು. ಒಂದು ಕೂಗು ಹಾಕಿದ್ದರೆ ಆಕೆ ಬರುತ್ತಿದ್ದರು. ನಾವು ಮೂವರಲ್ಲಿ ಒಬ್ಬರೂ ಕೂಗಲಿಲ್ಲ. ನಿರ್ದೇಶಕರು ದನಿ ತಗ್ಗಿಸಿ, "ಇದನ್ನ ಪಟ್ಟಿಯಿಂದ ತೆಗೀಬೇಕು. ತೀರ್ಪುಗಾರನ ಹೆಂಡತಿಗೇ ಬಹುಮಾನ ಅಂದ್ರೆ ಊರೋರು ನಮ್ಮ ಮುಖಕ್ಕೆ ಉಗೀತಾರೆ," ಎಂದರು.

"ಕರಪತ್ರದಲ್ಲಿ ಹಂಗಂತ ಇಲ್ಲ," ಎಂದೆ. "ನಾನೇ ತಿದ್ದಿದ್ದು."

"ಬರೀದೆ ಇದ್ರೂ ನೀತಿ ಅಂತ ಒಂದು ಇರುತ್ತಲ್ಲ ಮೇಡಂ."

ಅಧ್ಯಾಪಕರು ನಿಜ ನಿಜ ಎಂದು ತಲೆಯಾಡಿಸಿದರು. ಅವರ ಮಾತು ತಪ್ಪೆಂದು ಹೇಳಲು ನನಗೂ ಆಗಲಿಲ್ಲ. ಊರಿನವರು ಆಡಿಕೊಳ್ಳುತ್ತಿದ್ದದ್ದು ಸತ್ಯವೇ. ಆದರೆ ನಿರ್ದೇಶಕರ ಮುಖದಲ್ಲಿ ಕಂಡದ್ದು ನೀತಿಯ ಚಿಂತೆಯಲ್ಲ. ಆಗತಾನೆ ನಕ್ಕ ನಗು ಎಲ್ಲಿ ಹೋಗಿ ಬಿತ್ತೆಂದು ತಿಳಿದವನ ಮುಖ ಅದು. ನಾನು ಇನ್ನೊಂದು ಮಾತಾಡಬಹುದಿತ್ತು. ಅವರು ತೀರ್ಪಿನಿಂದ ಹಿಂದೆ ಸರಿಯಲಿ, ನಾವಿಬ್ಬರೇ ನಿರ್ಧರಿಸುತ್ತೇವೆ ಎನ್ನಬಹುದಿತ್ತು. ಆ ಉಪಾಯ ಹೊಳೆದದ್ದು ಮನೆಗೆ ಬಂದ ಮೇಲೆ. ಅಲ್ಲೇ ಹೊಳೆದಿದ್ದರೂ ಹೇಳುತ್ತಿದ್ದೆ ಎಂದು ಆಣೆ ಮಾಡಲಾರೆ. ಅಷ್ಟು ವರ್ಷದ ತಂಡ, ಅಷ್ಟು ವರ್ಷದ ಸ್ನೇಹ. ಹನ್ನೊಂದರ ಜಾಗಕ್ಕೆ ಆರನೇ ನಂಬರಿನ ನಾಟಕ ಬಂತು. ಸಹಿ ಹಾಕಿದೆ.

"ಅವಳಿಗೆ ನಾನೇ ಹೇಳ್ತೀನಿ. ನೀವು ಏನೂ ಹೇಳೋಕೆ ಹೋಗ್ಬೇಡಿ," ಎಂದರು ನಿರ್ದೇಶಕರು. ಹನ್ನೊಂದನೇ ನಂಬರಿನ ಪ್ರತಿ ನನ್ನ ಚೀಲದಲ್ಲೇ ಉಳಿಯಿತು.

ಬಹುಮಾನದ ಸಮಾರಂಭಕ್ಕೆ ಆಕೆ ಬಂದಿದ್ದರು. ನಮ್ಮ ಎಷ್ಟೋ ಪ್ರದರ್ಶನಗಳಿಗೆ ಮನೆ ಬಿಟ್ಟು ಬಾರದವರು ಅವತ್ತು ಹಸಿರು ರೇಷ್ಮೆ ಸೀರೆ ಉಟ್ಟು ಮೂರನೇ ಸಾಲಿನಲ್ಲಿ ಕೂತಿದ್ದರು. ನಾನು ವೇದಿಕೆಯಿಂದ ಕಂಡೆ. ನಿರ್ದೇಶಕರು ಆಕೆಗೆ ಹೇಳಿಲ್ಲ ಎಂದು ಆಗಲೇ ತಿಳಿಯಿತು. ನಿರ್ದೇಶಕರು ಮೈಕಿನ ಮುಂದೆ ನಿಂತು, ನಮ್ಮ ಮನೆಮನೆಯಲ್ಲೂ ನಾಟಕಕಾರರಿದ್ದಾರೆ, ಅವರನ್ನು ಗುರುತಿಸುವ ಕಣ್ಣು ಬೇಕು ಎಂದು ಮಾತಾಡಿದರು. ಚಪ್ಪಾಳೆ ಬಿತ್ತು. ಭರವಸೆಯ ನಾಟಕ ಎಂದು ಕೂಗಿ ಆರನೇ ನಂಬರಿನ ಹುಡುಗನ ಹೆಸರು ಹೇಳಿದಾಗ ಆಕೆಯೂ ಎಲ್ಲರೊಂದಿಗೆ ಚಪ್ಪಾಳೆ ತಟ್ಟಿದರು. ನಾಟಕ ಓದಲು ಆರಂಭಿಸುವ ಮೊದಲೇ ಎದ್ದು ಹೋಗಿದ್ದರು.

ಒಂದು ತಿಂಗಳು ತಡೆದೆ. ನಿರ್ದೇಶಕರು ತೋಟಕ್ಕೆ ಹೋಗಿದ್ದ ದಿನ ನೋಡಿಕೊಂಡು ಆ ಮನೆಗೆ ಹೋದೆ. ಆಕೆ ಹಿತ್ತಲ ಬಾಗಿಲಲ್ಲಿ ಕೂತು ಹುರುಳಿ ಕೇರುತ್ತಿದ್ದರು. ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ. ನಾಟಕ ಆಯ್ಕೆಯಾದದ್ದು, ಲಕೋಟೆ ತೆರೆದದ್ದು, ತೆಗೆದುಹಾಕಿದ್ದು. ಆಕೆ ಮೊರ ನಿಲ್ಲಿಸದೆ ಕೇಳಿದರು.

"ನಾನು ಬರ್ದಿದ್ದು ಅಂತ ನಿಮಗೆ ಯಾವಾಗ ಗೊತ್ತಾಯ್ತು ಅಕ್ಕ?"

"ಓದುವಾಗಲೇ. ಮೂರನೇ ಪುಟದಲ್ಲಿ."

"ಅವತ್ತು ಕಾಫಿ ತಂದಾಗ ನೀವು ನೋಡಿದ ನೋಟದಲ್ಲೇ ಅಂದ್ಕಂಡೆ." ಮತ್ತೆ ಕೇಳಿದರು, "ಅವರಿಗೆ?"

"ಚೀಟಿ ನೋಡಿದ ಮೇಲೆ."

ಆಗ ಮೊರ ನಿಂತಿತು. "ಹಂಗಾದ್ರೆ ತಿಂಗಳ ಮೇಲಾಯ್ತು ಅವರಿಗೆ ಗೊತ್ತಾಗಿ. ದಿನಾ ಎದುರಿಗೆ ಕೂತು ಉಣ್ತಾರೆ. ಒಂದು ಮಾತಿಲ್ಲ." ಮತ್ತೆ ನಿಧಾನವಾಗಿ, "ಬಹುಮಾನ ಬುಡಿ. ಅವರ ಅವ್ವನ್ನೇ ಅವರು ಗುರ್ತು ಹಿಡೀಲಿಲ್ವಲ್ಲ ಅಕ್ಕ," ಎಂದರು.

ನಾನು ಕೇಳಬಾರದ್ದನ್ನು ಕೇಳಿದೆ. "ಆ ಕೊನೇ ದೃಶ್ಯ ನಿಜವಾಗಿ ನಡೆದಿದ್ದಾ?"

"ಅದು ಬರ್ದಿದ್ದು. ನಾಟಕ ಅಲ್ವಾ, ಮಗ ಬರ್ಲಿ ಅಂತ ಬರ್ಕಂಡೆ. ನಿಜ್ವಾಗ್ಲೂ ಅವತ್ತು ಅವರು ಬಾಗ್ಲುತಂಕಾನೂ ಬರ್ಲಿಲ್ಲ. ತಾಲೀಮು ಇತ್ತು."

ಆ ತಾಲೀಮಿನಲ್ಲಿ ನಾನೂ ಇದ್ದೆ. ಸಂಜೆ ತಾಲೀಮು ಮುಗಿದ ಮೇಲೆಯೇ ನಮಗೆ ವಿಷಯ ತಿಳಿದದ್ದು. ಆ ದಿನವೂ ಕಾಫಿ ಬಂದಿತ್ತಾ ಎಂದು ನೆನಪಿಲ್ಲ. ಬಂದೇ ಇರುತ್ತದೆ.

"ಆಮೇಲೆ ಇನ್ನೊಂದು ಪಟ್ಟಿ ಮಾಡಿದ್ರಲ್ಲ, ಅದಕ್ಕೂ ಸಹಿ ಹಾಕಿದ್ರಾ ನೀವು?" ಎಂದು ಕೇಳಿದರು.

"ಹಾಕ್ದೆ."

ಆಕೆ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಹಗುರಾಗುತ್ತಿತ್ತು. ನಾಟಕದ ಪ್ರತಿ ನನ್ನ ಹತ್ತಿರ ಇದೆಯಾ ಎಂದರು. ಚೀಲದಿಂದ ತೆಗೆದುಕೊಟ್ಟೆ. ಒಂದೆರಡು ಪುಟ ತಿರುವಿ, ನಾನು ಕೆಂಪು ಪೆನ್ನಲ್ಲಿ ತಿದ್ದಿದ್ದನ್ನು ಬೆರಳಿನಿಂದ ಮುಟ್ಟಿ ನೋಡಿದರು. ನಾವೇ ಹೆಂಗಸರು ಸೇರಿ ಇದನ್ನು ಆಡೋಣ, ಆ ಪಾತ್ರ ನಿನ್ನ ಬಿಟ್ಟು ಯಾರೂ ಮಾಡಲಾರರು ಎಂದೆ. ಹಾಗೆ ಹೇಳುವಾಗ ನನ್ನ ಉತ್ಸಾಹ ನನಗೇ ಅಸಹ್ಯವಾಗಿ ಕೇಳಿಸಿತು.

"ಬುಡಿ ಅಕ್ಕ," ಎಂದರು. ಹುರುಳಿಯನ್ನು ಡಬ್ಬಕ್ಕೆ ಸುರಿಯಲು ಎದ್ದರು.

ಮರುವರ್ಷವೂ ಸ್ಪರ್ಧೆ ನಡೆಯಿತು. ಕರಪತ್ರದ ಕರಡು ನನ್ನ ಮನೆಗೆ ಬಂತು. ನಿಯಮಗಳ ಕೊನೆಯಲ್ಲಿ ಒಂದು ಹೊಸ ಸಾಲು ಸೇರಿತ್ತು. ತೀರ್ಪುಗಾರರ ಮತ್ತು ತಂಡದ ಸದಸ್ಯರ ಕುಟುಂಬದವರು ಭಾಗವಹಿಸುವಂತಿಲ್ಲ ಎಂದು. 'ಕುಟುಂಬ'ಕ್ಕೆ ದೀರ್ಘ ಕೊಟ್ಟಿದ್ದರು. ಅದನ್ನು ತಿದ್ದಿ ವಾಪಸು ಕಳಿಸಿದೆ. ತೀರ್ಪುಗಾರಳಾಗಿ ಮಾತ್ರ ಬರುವುದಿಲ್ಲ, ಕಣ್ಣು ಮಂಜು ಎಂದು ಹೇಳಿದೆ. ನಿಜವಾದ ಕಾರಣ ಹೇಳಲಿಲ್ಲ, ಅವರೂ ಕೇಳಲಿಲ್ಲ.

ಹೋದ ವರ್ಷ ತುರುವೇಕೆರೆಗೆ ಮದುವೆಗೆಂದು ಹೊರಟಿದ್ದೆ. ಬಸ್ಸಿನಲ್ಲಿ ಆಕೆ ಕಂಡರು. ತಾವೇ ಚೀಲ ಎತ್ತಿ ಪಕ್ಕದಲ್ಲಿ ಜಾಗ ಕೊಟ್ಟರು. ತವರಿಗೆ ಹೊರಟಿದ್ದರಂತೆ, ಈಗೀಗ ತಿಂಗಳಿಗೊಂದು ಸಲ ಹೋಗುತ್ತಾರಂತೆ. ನನ್ನ ಮಂಡಿನೋವು, ಅವರ ತಮ್ಮನ ಮಗಳ ಓದು, ಕೊಬ್ಬರಿ ಧಾರಣೆ, ತೆಂಗಿಗೆ ಬಿದ್ದ ನುಸಿರೋಗ, ಎಲ್ಲ ಮಾತಾಡಿದೆವು. ಅವರ ಊರು ಹತ್ತಿರವಾದಾಗ ತಡೆಯಲಾಗದೆ ಕೇಳಿದೆ.

"ಏನಾದ್ರೂ ಬರೀತಿದ್ದೀಯಾ?"

"ಬರೀತೀನಿ," ಎಂದರು. "ಆದ್ರೆ ನಿಮಗೆ ತೋರ್ಸಲ್ಲ ಅಕ್ಕ. ಬೇಜಾರು ಮಾಡ್ಕಬೇಡಿ."

ಇಲ್ಲ ಎಂದು ತಲೆಯಾಡಿಸಿದೆ. ಅವರ ಊರಿಗೆ ದಾರಿ ಒಡೆಯುವ ಗೇಟು ಬಂತು. ಬತ್ತೀನಿ ಅಕ್ಕ ಎಂದು ಇಳಿದು, ತೋಟದ ದಾರಿ ಹಿಡಿದು ಹೋದರು. ಬೇಜಾರು ಮಾಡಿಕೊಳ್ಳುವ ಹಕ್ಕು ನನಗೆ ಇರಲಿಲ್ಲ. ಆದರೂ ಮದುವೆಮನೆ ತಲುಪುವವರೆಗೆ ಬೇಜಾರು ಮಾಡಿಕೊಂಡೇ ಕೂತಿದ್ದೆ.